ಗುಡ್ಡದ ಮೇಲೆ ಕೇಳಿದ ದೋಣಿಯ ಬಡಿತ

ಮೊದಲೇ ಹೇಳಿಬಿಡುತ್ತೇನೆ, ದೆವ್ವ, ಗಾಳಿ, ಸೋಂಕು ಇವನ್ನೆಲ್ಲ ನಂಬುವವಳು ನಾನಲ್ಲ. ಹೊನ್ನಾವರದಲ್ಲಿ ನಾನೂ ನನ್ನ ಗಂಡನೂ ಸೇರಿ ಒಂದು ಔಷಧಿ ಅಂಗಡಿ ನಡೆಸುತ್ತೇವೆ. ಜ್ವರ ಬಂದವರು ನಮ್ಮಲ್ಲಿ ಮಾತ್ರೆ ಒಯ್ಯುತ್ತಾರೆ, ಹೋಗುವ ದಾರಿಯಲ್ಲಿ ಒಂದು ತಾಯತವನ್ನೂ ಕಟ್ಟಿಸಿಕೊಳ್ಳುತ್ತಾರೆ, ಜ್ವರ ಬಿಟ್ಟ ಮೇಲೆ ನಮ್ಮ ಎದುರೇ ನಿಂತು ತಾಯತದ ಗುಣಗಾನ ಮಾಡುತ್ತಾರೆ. ಇಂಥವರ ಜೊತೆ ನಾನು ಅಂಗಡಿಯಲ್ಲೇ ಜಗಳ ಆಡಿದ್ದುಂಟು. ಗಿರಾಕಿ ತಪ್ಪಿಹೋಗುತ್ತಾರೆ ಎಂದು ಗಂಡ ನನ್ನನ್ನು ಒಳಗೆ ಕಳಿಸಿದ್ದೂ ಉಂಟು.

ಆದ್ದರಿಂದ ಈಗ ಬರೆಯುವುದನ್ನು ಓದಿ ನೀವು ನಕ್ಕರೆ ನನಗೇನೂ ಅನಿಸುವುದಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ. ನನಗಿರುವ ಸಿಟ್ಟು ಬೇರೆಯದು. ವರ್ಷಗಳು ಕಳೆದರೂ ಅದು ಇಳಿದಿಲ್ಲ. ಇಳಿಯಲಿ ಎಂದೇ ಬರೆಯಲು ಕೂತಿದ್ದೇನೆ.

ನನ್ನ ತವರು ಭಟ್ಕಳ ತಾಲೂಕಿನ ಬೆಳಕೆ. ನಮ್ಮವರು ತಲೆತಲಾಂತರದಿಂದ ಕಡಲಿಗೆ ಹೋಗುವವರು. ಅಣ್ಣ ಮಾದೇವನಿಗೆ ಸ್ವಂತದ್ದೊಂದು ಸಣ್ಣ ದೋಣಿ ಇತ್ತು. ಮಂಜು ಮುಸುಕಿದಾಗ, ಮಳೆ ಕವಿದು ಪಕ್ಕದ ದೋಣಿಯೂ ಕಾಣದಂತಾದಾಗ, ನಮ್ಮ ಕಡೆ ಸಣ್ಣ ದೋಣಿಯವರು ಊಟದ ತಟ್ಟೆ ತೆಗೆದು ಸೌಟಿನಿಂದಲೋ ಚಮಚದಿಂದಲೋ ಬಡಿಯುತ್ತಾರೆ. ನಾನು ಇಲ್ಲಿದ್ದೇನೆ, ಡಿಕ್ಕಿ ಹೊಡೆಯಬೇಡ ಎಂದು ಒಬ್ಬ ಹೇಳಿದ ಹಾಗೆ, ದಾರಿ ತಪ್ಪಿದವನಿಗೆ ಇತ್ತ ಬಾ ಎಂದು ಕರೆದ ಹಾಗೆ. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ದಿಕ್ಕು ತೋರಿಸುವ ಯಂತ್ರವೂ ಇದೆ. ಆದರೂ ಬ್ಯಾಟರಿ ಸತ್ತಾಗ ತಟ್ಟೆಯೇ ಗತಿ. ಒಬ್ಬೊಬ್ಬರದು ಒಂದೊಂದು ಬಡಿತ. ಅಣ್ಣನದು ತಟ್ಟೆಯ ನಡುವಿಗೆ ಎರಡು ಪೆಟ್ಟು, ಸ್ವಲ್ಪ ತಡೆದು ಅಂಚಿಗೆ ಒಂದು. ನಡುವಿನ ಪೆಟ್ಟು ದಪ್ಪಗೆ ಕೇಳುತ್ತಿತ್ತು, ಅಂಚಿನದು ತೆಳ್ಳಗೆ. ದಡದಲ್ಲಿ ನಿಂತ ಅಮ್ಮ ಅದನ್ನು ಕೇಳಿದ ಕೂಡಲೇ ಒಳಗೆ ಹೋಗಿ ಅನ್ನಕ್ಕೆ ಇಡುತ್ತಿದ್ದಳು.

ಒಂದು ಮಳೆಗಾಲದ ಕೊನೆಯಲ್ಲಿ ಅಣ್ಣ ಒಬ್ಬನೇ ಹೋದ. ದೋಣಿ ಮಗುಚಿದ ಸ್ಥಿತಿಯಲ್ಲಿ ಸಿಕ್ಕಿತು, ಬಲೆ ಸಿಕ್ಕಿತು, ಅಣ್ಣ ಸಿಗಲಿಲ್ಲ. ಹುಡುಕದ ಜಾಗವಿಲ್ಲ.

ಹೀಗೆ ಕಡಲಲ್ಲಿ ಹೋದವರ ಹೆಣ ಸಿಗದಿದ್ದರೆ ದರ್ಭೆಯ ಬೊಂಬೆ ಮಾಡಿ ಅದಕ್ಕೇ ಬೆಂಕಿ ಕೊಟ್ಟು ಉಳಿದ ಕಾರ್ಯ ಮಾಡುವುದುಂಟು. ಅದಕ್ಕೆ ಅತ್ತಿಗೆ ಒಪ್ಪಲಿಲ್ಲ. ಅತ್ತಿಗೆಗೆ ಮಕ್ಕಳಿರಲಿಲ್ಲ, ತವರಿಗೂ ಹೋಗಲಿಲ್ಲ, ಅಮ್ಮನ ಜೊತೆಯೇ ಉಳಿದಳು. ಕುಂಕುಮ ಇಡುತ್ತಿದ್ದಳು, ಬಳೆ ಹಾಕುತ್ತಿದ್ದಳು, ಮೀನು ಪೇಟೆಗೆ ಹೋಗಿ ಮೀನು ಮಾರುತ್ತಿದ್ದಳು. ಊರಿನ ಬಾಯಿಗೆ ಬೀಗ ಹಾಕುವುದು ಸಾಧ್ಯವೇ? ಹೆಂಗಸರು ನೀರು ತರುವಾಗ ಅವಳ ಬಳೆ ನೋಡಿ ಒಬ್ಬರನ್ನೊಬ್ಬರು ತಿವಿಯುತ್ತಿದ್ದರು. ಬೊಂಬೆ ಸುಡುವುದರಲ್ಲಿ ನನಗೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಅವಳ ಕುಂಕುಮ ಅವಳ ಹಣೆಯದು, ಇವರಿಗೇನು ಕಷ್ಟ ಎಂದು ನನಗೆ ಮೈ ಉರಿಯುತ್ತಿತ್ತು.

ಎಲ್ಲರಿಗಿಂತ ಹೆಚ್ಚು ಕಷ್ಟವಾದದ್ದು ನನ್ನ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ. ತದಡಿ ಬಂದರಿನಲ್ಲಿ ಮೀನಿನ ವ್ಯಾಪಾರ ಮಾಡುವ ಜೋರು ಬಾಯಿಯ ಮನುಷ್ಯ. ಅವರ ಮಗಳಿಗೆ ಸಂಬಂಧ ಬರುತ್ತಿತ್ತು, ಮುರಿಯುತ್ತಿತ್ತು. ಮದುವೆಯಲ್ಲಿ ಸೋದರಮಾವನಿಗೆ ಒಂದು ಸ್ಥಾನವಿದೆಯಲ್ಲ, ಆ ಸೋದರಮಾವ ಇದ್ದಾನೋ ಇಲ್ಲವೋ ಎನ್ನುವುದೇ ತೀರ್ಮಾನವಾಗದೆ ಮದುವೆ ಕೂಡಿಬರುವುದಿಲ್ಲ ಎಂದು ಯಾರೋ ಜೋಯಿಸರು ಹೇಳಿದರಂತೆ. ಹುಡುಗಿ ಬಂದ ಗಂಡುಗಳನ್ನೆಲ್ಲ ತಾನೇ ಬೇಡವೆನ್ನುತ್ತಿದ್ದಳು ಎನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೆ ತಪ್ಪು ಹೊರಿಸಲು ಕಡಲಲ್ಲಿ ಹೋದವನೊಬ್ಬ ಸಿಕ್ಕಿದ್ದ.

ಅಣ್ಣ ಹೋಗಿ ಹಲವು ವರ್ಷವಾದ ಮೇಲೆ, ಒಂದು ಚೌತಿ ಮುಗಿದು ಪಿತೃಪಕ್ಷ ಶುರುವಾಗುವ ಮುಂಚಿನ ಶನಿವಾರ ಭಾವ ಅಮ್ಮನನ್ನು ಮನೆಯಲ್ಲೇ ಬಿಟ್ಟು ಅಕ್ಕ, ಅತ್ತಿಗೆ, ನಾನು, ನನ್ನ ಗಂಡ ಎಲ್ಲರನ್ನೂ ಘಟ್ಟದ ಮೇಲೆ ಕರೆದುಕೊಂಡು ಹೊರಟರು. ಟೆಂಟ್ ಹಾಕಿ ಒಂದು ರಾತ್ರಿ ಇದ್ದು ಬರುವುದು. "ನಿನ್ನ ಅತ್ತಿಗೆ ಮನೆ ಬಿಟ್ಟು ಹೊರಗೆ ಬಿದ್ದದ್ದೇ ಇಲ್ಲ ಮಾರಾಯ್ತಿ. ಸ್ವಲ್ಪ ಗಾಳಿ ತಾಗಿದ್ರೆ ಮನಸ್ಸು ಹಗುರ ಆತದೆ," ಎಂದು ನನಗೆ ಫೋನ್ ಮಾಡಿದರು. ನಾನು ಖುಷಿಯಿಂದಲೇ ಒಪ್ಪಿದೆ. ಭಾವನ ಬಾಯಿಂದ ಒಳ್ಳೆಯ ಮಾತು ಬಂದರೆ ಅದರ ಹಿಂದೆ ಏನಿದೆ ಎಂದು ನೋಡಬೇಕಿತ್ತು, ಅಷ್ಟು ವರ್ಷದ ಸಂಬಂಧ.

ಗುಡ್ಡದ ಹೆಸರು ಹೇಳುವುದಿಲ್ಲ. ಹೇಳಿದರೆ ಬರುವ ವಾರವೇ ಅಲ್ಲಿ ಕಾರುಗಳು ಸಾಲುಗಟ್ಟಿ ನಿಂತು, ಬಾಟಲಿ ಒಡೆದು, ಅಪ್ಸರಕೊಂಡ ಜಲಪಾತಕ್ಕೆ ಮಾಡಿದ್ದನ್ನೇ ಅಲ್ಲಿಗೂ ಮಾಡುತ್ತಾರೆ. ಹೊನ್ನಾವರದಿಂದ ಮೂಡಲಿಗೆ, ಜೀಪು ಹೋಗುವಷ್ಟು ಹೋಗಿ ಆಮೇಲೆ ನಡೆಯಬೇಕು. ಮೇಲೆ ಮರಗಳಿಲ್ಲದ ಅಗಲವಾದ ಬೇಣ, ಬರೀ ಹುಲ್ಲಿನ ಬಯಲು. ಮಳೆಗಾಲ ಆಗಷ್ಟೇ ಮುಗಿಯುತ್ತಿತ್ತಾದ್ದರಿಂದ ಹುಲ್ಲು ಸೊಂಟದವರೆಗೆ ಬೆಳೆದಿತ್ತು, ನಡುನಡುವೆ ನೇರಳೆ ಬಣ್ಣದ ಸಣ್ಣ ಹೂಗಳು. ಕಾಲಿಗೆ ರಕ್ತ ಹೀರುವ ಉಂಬಳ ಹತ್ತಿ ಅಕ್ಕ ಹೆಜ್ಜೆಹೆಜ್ಜೆಗೂ ಕಿರುಚುತ್ತಿದ್ದಳು. ಗುಡ್ಡ ಕುದುರೆಯ ಲಾಳದ ಹಾಗೆ ಬಾಗಿತ್ತು. ಒಂದು ತೋಳಿನ ಮೇಲೆ ನಮ್ಮ ಟೆಂಟು, ಎದುರಿಗೆ ಇನ್ನೊಂದು ತೋಳು, ಎರಡರ ನಡುವೆ ನೋಡಿದರೆ ತಲೆ ತಿರುಗುವಂಥ ಕೊರಕಲು. ಅಂಚಿನವರೆಗೂ ಹುಲ್ಲು ಬೆಳೆದಿದ್ದರಿಂದ ಎಲ್ಲಿ ನೆಲ ಮುಗಿಯುತ್ತದೆ ಎಂದೇ ತಿಳಿಯುತ್ತಿರಲಿಲ್ಲ. "ಇತ್ತಬದಿ ಯಾರೂ ಬರೂಕಾಗ," ಎಂದು ಭಾವನೇ ಎಲ್ಲರಿಗೂ ತೋರಿಸಿದ್ದರು. ಆ ತೋಳಿನಿಂದ ಈ ತೋಳಿಗೆ ಬರಬೇಕಾದರೆ ಹಿಂದಿನಿಂದ, ಲಾಳದ ಬಾಗಿನ ಸುತ್ತಲೇ ಬರಬೇಕು.

ಮಧ್ಯಾಹ್ನ ಚೆನ್ನಾಗಿಯೇ ಕಳೆಯಿತು. ಮೂರು ಕಲ್ಲಿಟ್ಟು ಒಲೆ ಮಾಡಿ ಅನ್ನ, ಒಣಮೀನಿನ ಚಟ್ನಿ, ಬಂಗಡೆ ಹುರಿದು ಊಟ ಮಾಡಿದೆವು. ಅತ್ತಿಗೆ ಬಹಳ ದಿನಗಳ ಮೇಲೆ ನಕ್ಕಳು. ದೂರದಲ್ಲಿ ಕಡಲು ಒಂದು ಗೆರೆಯಷ್ಟೇ ಕಾಣುತ್ತಿತ್ತು, ಅವಳು ಅದಕ್ಕೆ ಬೆನ್ನು ಹಾಕಿಯೇ ಕೂತಿದ್ದಳು. ಸಂಜೆ ಚಹಾ ಕುಡಿಯುವಾಗ ಭಾವ ಗಂಟಲು ಸರಿ ಮಾಡಿಕೊಂಡರು. ಬರುವ ಮಹಾಲಯ ಅಮಾವಾಸ್ಯೆಗೆ ಭಟ್ಟರಿಗೆ ಹೇಳಿ ಆಗಿದೆ, ದಾಯಾದಿಗಳ ಹುಡುಗನೊಬ್ಬ ಬೆಂಕಿ ಕೊಡಲು ಒಪ್ಪಿದ್ದಾನೆ, ಇನ್ನು ಅತ್ತಿಗೆ ಹೂಂ ಅಂದರೆ ಆಯಿತು ಎಂದರು.

ಅಂದರೆ ಇಷ್ಟೆಲ್ಲ ಇದಕ್ಕೆ! ಟೆಂಟು, ಬಂಗಡೆ, ಗಾಳಿ, ಹಗುರ ಮನಸ್ಸು ಎಲ್ಲ. ಮನೆಯಲ್ಲಿ ಹೇಳಿದರೆ ಅಮ್ಮ ಅಡ್ಡ ಬರುತ್ತಾಳೆ, ಅತ್ತಿಗೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಇಲ್ಲಿ ಬಾಗಿಲೇ ಇಲ್ಲವಲ್ಲ. ನನಗೆ ಎಷ್ಟು ಸಿಟ್ಟು ಬಂತೆಂದರೆ ಕೈಯಲ್ಲಿದ್ದ ಚಹಾವನ್ನು ಒಲೆಗೇ ಸುರಿದೆ. ಅಕ್ಕ ತಲೆ ತಗ್ಗಿಸಿ ಕೂತಳು, ಅವಳಿಗೂ ಮೊದಲೇ ಗೊತ್ತಿತ್ತು. ಅತ್ತಿಗೆ ಮಾತ್ರ ದನಿ ಏರಿಸಲಿಲ್ಲ.

"ಸತ್ತದ್ದು ಕಂಡವ್ರು ಯಾರು? ನೀವು ಕಂಡಿರಾ?" ಎಂದಳು.

"ಕಾಣೂಕೆ ಎಂತ ಉಂಟು? ಇದ್ದವ ಇಷ್ಟು ವರ್ಷ ಸುಮ್ನೆ ಕೂತ್ಕಂತಿದ್ನಾ?" ಎಂದರು ಭಾವ.

ಅತ್ತಿಗೆ ಲೋಟ ಕೆಳಗಿಟ್ಟು ಎದ್ದು ಹೊರಟಳು. ಸ್ವಲ್ಪ ಒಬ್ಬಳೇ ಇರಲಿ ಎಂದು ನಾನು ಹಿಂದೆ ಹೋಗಲಿಲ್ಲ. ಭಾವನ ಜೊತೆ ಮುಗಿಸಬೇಕಾದ ಜಗಳವೂ ನನಗಿತ್ತು. ಅವಳು ಲಾಳದ ಬಾಗು ಸುತ್ತಿ ಎದುರಿನ ತೋಳಿನ ಮೇಲೆ ಹೋಗುವುದು ನಮಗೆ ಕಾಣುತ್ತಿತ್ತು. ಅವಳ ಹಸಿರು ಸೀರೆ ಹುಲ್ಲಿನಲ್ಲಿ ಆಗಾಗ ಮರೆಯಾಗುತ್ತಿತ್ತು.

ಮಂಜು ಹೇಗೆ ಬಂತೆಂದು ಹೇಳುವುದು ಕಷ್ಟ. ಕೆಳಗಿನ ಕಣಿವೆಯಿಂದ ಏರಿ ಬಂದದ್ದು ಕೊರಕಲು ತುಂಬಿತು, ಎದುರಿನ ತೋಳು ಅಳಿಸಿತು, ನಾವು ಮಾತು ಮುಗಿಸುವುದರೊಳಗೆ ನಮ್ಮದೇ ಟೆಂಟು ಕಾಣದಾಯಿತು. ಇನ್ನೂ ಸೂರ್ಯ ಮುಳುಗಿರಲಿಲ್ಲ, ಆದರೆ ಬೆಳಕೆಲ್ಲ ಹಾಲಿನಲ್ಲಿ ಅದ್ದಿದ ಹಾಗಿತ್ತು. ಅತ್ತಿಗೆಯನ್ನು ಕೂಗಿದೆವು. ಉತ್ತರವಿಲ್ಲ. ಮತ್ತೆ ಕೂಗಿದೆವು. ದೂರದಿಂದ ಓ ಎಂದ ಹಾಗೆ ಕೇಳಿತು, ಯಾವ ಕಡೆಯಿಂದ ಎಂದು ತಿಳಿಯಲಿಲ್ಲ. ಮೊಬೈಲಿಗೆ ಅಲ್ಲಿ ಸಿಗ್ನಲ್ ಇರಲಿಲ್ಲ. ನನ್ನ ಗಂಡ ಟಾರ್ಚ್ ಹಿಡಿದು ಸ್ವಲ್ಪ ದೂರ ಹೋಗಿ, ತಮ್ಮ ಕಾಲೇ ತಮಗೆ ಕಾಣದೆ ವಾಪಸ್ ಬಂದರು.

ಆಗ ಭಾವ ಕಡಲ ಕಡೆಯ ಎಲ್ಲರೂ ಮಾಡುವುದನ್ನೇ ಮಾಡಿದರು. ಅನ್ನದ ದೊಡ್ಡ ತಟ್ಟೆ ಎತ್ತಿಕೊಂಡು ಸೌಟಿನಿಂದ ಒಂದೇ ಸಮನೆ ಬಡಿಯತೊಡಗಿದರು. ನಮಗೆ ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಅಕ್ಕ ಇನ್ನೊಂದು ತಟ್ಟೆ ಹುಡುಕಿದಳು, ನಾನೂ ಹುಡುಕಿದೆ. ಮಂಜು ಕವಿದರೆ ತಟ್ಟೆ ಬಡಿ, ಸದ್ದು ಕೇಳಿದರೆ ಸದ್ದಿನ ಕಡೆಗೆ ನೆಟ್ಟಗೆ ಹೋಗು. ಹುಟ್ಟಿದಂದಿನಿಂದ ನಮಗೆ ಗೊತ್ತಿರುವುದು ಅದೇ. ಅತ್ತಿಗೆಗೂ ಅದೇ ಗೊತ್ತು.

ಕಡಲಲ್ಲಿ ಎರಡು ದೋಣಿಯ ನಡುವೆ ಇರುವುದು ನೀರು. ಇಲ್ಲಿ ನಮ್ಮ ನಡುವೆ ಕೊರಕಲು ಇತ್ತು.

ಅದು ನನಗೆ ಆಗ ಹೊಳೆಯಿತು. ಅವಳು ಎದುರಿನ ತೋಳಿನಿಂದ ನಮ್ಮ ಸದ್ದು ಹಿಡಿದು ನೆಟ್ಟಗೆ ಬರುತ್ತಿದ್ದಾಳೆ, ನಾವು ಬಡಿಬಡಿದು ಅವಳನ್ನು ಕರೆಯುತ್ತಿದ್ದೇವೆ. ನಾನು ಭಾವನ ಕೈಯಿಂದ ಸೌಟು ಕಿತ್ತುಕೊಂಡೆ. ಅವರಿಗೆ ಮೊದಲು ಅರ್ಥವಾಗಲಿಲ್ಲ, ನನ್ನನ್ನು ಬೈಯಲು ಬಾಯಿ ತೆರೆದರು. "ಮಧ್ಯ ಎಂತ ಉಂಟು ನೋಡಿ!" ಎಂದು ನಾನು ಅರಚಿದೆ. ಅವರ ಮುಖ ಬಿಳಿಚಿತು. "ಅಲ್ಲೇ ನಿಲ್ಲು, ಬರಬೇಡ!" ಎಂದು ಎಲ್ಲರೂ ಕೂಗಿದೆವು. ಮಂಜು ಮಾತನ್ನು ನುಂಗುತ್ತಿತ್ತು, ನಿಲ್ಲು ಎಂದದ್ದೂ ಬಾ ಎಂದದ್ದೂ ಆಚೆ ಒಂದೇ ಥರ ಕೇಳುತ್ತಿತ್ತೋ ಏನೋ. ಕೂಗುವುದನ್ನೂ ನಿಲ್ಲಿಸಿದೆವು.

ಆಗ ಕೇಳಿದ್ದು.

ಎಡಗಡೆಯಿಂದ, ಲಾಳದ ಬಾಗಿನ ಕಡೆಯಿಂದ, ತಟ್ಟೆಯ ನಡುವಿಗೆ ಎರಡು ಪೆಟ್ಟು. ಸ್ವಲ್ಪ ತಡೆದು, ತೆಳ್ಳಗೆ, ಅಂಚಿಗೆ ಒಂದು.

ನಮ್ಮ ತಟ್ಟೆಗಳೆಲ್ಲ ನಮ್ಮ ಕಾಲ ಬಳಿ ಬಿದ್ದಿದ್ದವು. ಸೌಟು ನನ್ನ ಕೈಯಲ್ಲಿತ್ತು. ಅದೇ ಬಡಿತ ಮತ್ತೆ ಕೇಳಿತು. ಅವಸರವಿಲ್ಲ, ಗಾಬರಿಯಿಲ್ಲ, ಹಿಂದಿನವರು ನಿಧಾನಕ್ಕೆ ಬರಲಿ ಎಂದು ಕಾಯುತ್ತ ಹೋಗುವವರ ಹಾಗೆ, ಕೇಳಿ, ನಿಂತು, ಮತ್ತೆ ಸ್ವಲ್ಪ ಈಚೆಯಿಂದ ಕೇಳುತ್ತಿತ್ತು. ಅಕ್ಕ ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟಳು. "ಮಾದೇವ," ಎಂದಳು. ಅಷ್ಟೇ. ನನ್ನ ಗಂಡನಿಗೆ ಆ ಬಡಿತದ ಪರಿಚಯವಿಲ್ಲ, ಅವರು ಘಟ್ಟದ ಮೇಲಿನವರು. ಯಾರೋ ಊರವರು ಬರುತ್ತಿದ್ದಾರೆ ಎಂದು ಅವರಿಗೆ ಸಮಾಧಾನವೇ ಆಯಿತು.

ಬಡಿತ ನಮ್ಮ ತೀರ ಹತ್ತಿರ ಬಂದು ನಿಂತಿತು. ಆಮೇಲೆ ಅದೇ ಕಡೆಯಿಂದ ಅತ್ತಿಗೆ ಮಂಜಿನಿಂದ ಹೊರಗೆ ಬಂದಳು. ಸೀರೆ ಮೊಣಕಾಲವರೆಗೆ ಒದ್ದೆ, ಕಾಲ ತುಂಬ ಉಂಬಳ. ನಮ್ಮನ್ನು ನೋಡಲೇ ಇಲ್ಲ, ನಮ್ಮ ಆಚೀಚೆ ನೋಡಿದಳು.

"ಮುಂದೆ ಬಡಿತಾ ಬಂದವ್ರು ಎಲ್ಲಿ?" ಎಂದಳು.

ಯಾರೂ ಬಂದಿಲ್ಲ ಎಂದೆ. ಅವಳು ಹೇಳಿದ್ದು ಇಷ್ಟು. ಮೊದಲು ನಮ್ಮ ಸದ್ದು ಕೇಳಿ ನೆಟ್ಟಗೆ ಬರುತ್ತಿದ್ದಳಂತೆ. ಬಲಗಡೆಯಿಂದ ಇನ್ನೊಂದು ಬಡಿತ ಕೇಳಿದಾಗ ನಿಂತಳಂತೆ, ಅತ್ತ ತಿರುಗಿದಳಂತೆ. ಅದಕ್ಕಿಂತ ಹೆಚ್ಚು ಅವಳು ಅಂದೂ ಹೇಳಲಿಲ್ಲ, ಇಂದಿಗೂ ಹೇಳಿಲ್ಲ.

ಬೆಳಿಗ್ಗೆ ಮಂಜು ಕರಗಿತ್ತು. ನಾನೂ ನನ್ನ ಗಂಡನೂ ಅವಳು ನಡೆದ ದಾರಿ ಹಿಡಿದು ಹೋದೆವು. ಹುಲ್ಲು ಮಲಗಿದ್ದು ಒಬ್ಬರು ನಡೆದಷ್ಟೇ. ಕೊರಕಲಿನ ಕಡೆಗೆ ಹೋದ ಜಾಡು ಒಂದು ಕಡೆ ತಟ್ಟನೆ ಬಲಕ್ಕೆ ತಿರುಗಿತ್ತು. ತಿರುಗಿದ ಜಾಗದಿಂದ ಎರಡು ಮಾರು ಆಚೆ ನೆಲವಿರಲಿಲ್ಲ. ಅಲ್ಲಿ ನಿಂತು ನನ್ನ ಗಂಡ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡರು.

ಪ್ರತಿಧ್ವನಿ ಎಂದು ನೀವು ಹೇಳುತ್ತೀರಿ. ನಾನೇ ಮೊದಲು ಹೇಳಿಕೊಂಡದ್ದು ಅದು. ಆದರೆ ಭಾವ ಬಡಿದದ್ದು ಒಂದೇ ಸಮನೆ. ಗುಡ್ಡ ಅದನ್ನು ತಿರುಗಿ ಹೇಳಬೇಕಾದರೆ ಹಾಗೇ ಹೇಳಬೇಕಿತ್ತು, ಅದೂ ನಾವು ನಿಲ್ಲಿಸಿದ ಮೇಲೆ ಅಷ್ಟು ಹೊತ್ತು ಅಲ್ಲ. ದನದ ಕೊರಳ ಗಂಟೆ ಇರಬಹುದು ಎಂದು ಕೆಳಗಿನ ಮನೆಗಳಿಗೆ ಹೋಗಿ ವಿಚಾರಿಸಿದೆ. ಮಳೆಗಾಲದಲ್ಲಿ ಆ ಬೇಣಕ್ಕೆ ದನ ಬಿಡುವುದಿಲ್ಲವಂತೆ. ಯಾರಾದರೂ ಮೇಲೆ ಬಂದಿದ್ದರೇ ಎಂದರೆ ಇಲ್ಲ ಎಂದರು. ಬಂದಿದ್ದರೂ ಅಣ್ಣನ ಬಡಿತ ಘಟ್ಟದವರಿಗೆ ಹೇಗೆ ಗೊತ್ತಾಗಬೇಕು? ಗಾಬರಿಯಲ್ಲಿ ನನ್ನ ಕಿವಿಯೇ ಅದನ್ನು ಕಟ್ಟಿಕೊಂಡಿತು ಎನ್ನೋಣ. ನನ್ನ ಗಂಡನ ಕಿವಿ ಯಾಕೆ ಕಟ್ಟಿಕೊಂಡಿತು? ಅವರು ಅದನ್ನು ಇಂದಿಗೂ ಮೇಜಿನ ಮೇಲೆ ಬೆರಳಿನಿಂದ ಬಡಿದು ತೋರಿಸುತ್ತಾರೆ, ಒಂದಿಷ್ಟೂ ತಪ್ಪದೆ. ತೋರಿಸಬೇಡಿ ಎಂದು ಬೈದಿದ್ದೇನೆ.

ಆದರೆ ನನ್ನ ಸಿಟ್ಟು ಇದಕ್ಕಲ್ಲ. ಕೆಳಗಿಳಿಯುವ ಹೊತ್ತಿಗೆ ಭಾವನ ಮುಖದ ಬಣ್ಣ ವಾಪಸ್ ಬಂದಿತ್ತು. ಜೀಪು ಹತ್ತುವ ಮೊದಲೇ ಶುರು ಮಾಡಿದರು. ಕಂಡಿರಾ, ಅವನಿಗೆ ಗತಿ ಆಗಿಲ್ಲ, ಅಲೆಯುತ್ತಿದ್ದಾನೆ, ಕಾರ್ಯ ಮಾಡಿ ಎಂದು ಕೇಳಲಿಕ್ಕೇ ಬಂದದ್ದು. ತನ್ನ ಕೈಯಿಂದ ಹೆಂಗಸೊಬ್ಬಳು ಸಾಯುವುದು ಎರಡು ಮಾರಿನಲ್ಲಿ ತಪ್ಪಿತ್ತು, ಆ ಮನುಷ್ಯನಿಗೆ ಅದು ತನ್ನ ಮಾತಿಗೆ ಸಿಕ್ಕ ಸಾಕ್ಷಿಯಾಗಿ ಕಂಡಿತು. ನಾನು ದಾರಿಯುದ್ದಕ್ಕೂ ಜಗಳ ಆಡಿದೆ. ಆದರೆ ಆ ಬಡಿತವನ್ನು ನಾನು ಕೇಳಿಲ್ಲ ಎಂದು ಹೇಳುವ ಹಾಗಿರಲಿಲ್ಲ.

ಅತ್ತಿಗೆ ಕಿಟಕಿಯ ಹೊರಗೆ ನೋಡುತ್ತಿದ್ದವಳು, "ಆತು, ಮಾಡಿ," ಎಂದಳು.

ಯಾರಿಗೋಸ್ಕರವೂ ಒಪ್ಪಬೇಡ ಎಂದು ನಾನು ಅವಳ ಕೈ ಹಿಡಿದೆ. ಅವಳು ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು, "ಬದುಕಿದ್ದವ್ರಾದ್ರೆ ಎದುರಿಗೆ ಬಂದು ಬೈತಿದ್ರು. ಮಂಜಿನಾಗೆ ಎಲ್ಲಿಗೆ ಹೋದ್ಯೆ ಅಂತ. ಬೈಲಿಲ್ಲ."

ಮಹಾಲಯದ ದಿನ ಬೆಳಕೆಯಲ್ಲಿ ದರ್ಭೆಯ ಬೊಂಬೆಗೆ ಬೆಂಕಿ ಕೊಟ್ಟರು. ಒಣಗಿದ ಹುಲ್ಲು, ನೋಡುನೋಡುತ್ತ ಮುಗಿಯಿತು. ಅತ್ತಿಗೆ ಬಳೆ ತೆಗೆದಳು. ಭಾವ ಎಲ್ಲರಿಗೂ ಊಟ ಬಡಿಸುತ್ತ ಓಡಾಡಿದರು, ಗುಡ್ಡದ ಕತೆಯನ್ನು ಪಂಕ್ತಿ ಪಂಕ್ತಿಗೂ ಹೇಳಿದರು, ಹೇಳಿದ ಪ್ರತಿ ಸಲವೂ ಅದಕ್ಕೊಂದು ರೆಕ್ಕೆ ಸೇರಿಸಿದರು. ಮೂರನೆಯ ಪಂಕ್ತಿಯ ಹೊತ್ತಿಗೆ ಅಣ್ಣ ಮಂಜಿನಲ್ಲಿ ಅವರಿಗೆ ಕೈ ಮುಗಿದಿದ್ದ. ಅಕ್ಕನ ಮಗಳ ಮದುವೆ ಇನ್ನೂ ಆಗಿಲ್ಲ. ಅವಳು ಬಂದ ಗಂಡುಗಳನ್ನು ಈಗಲೂ ಬೇಡವೆನ್ನುತ್ತಿದ್ದಾಳೆ.

ಅಮ್ಮ ಗುಡ್ಡಕ್ಕೆ ಬಂದಿರಲಿಲ್ಲ. ಬೊಂಬೆ ಸುಡುವಾಗಲೂ ಹೊರಗೆ ಬರಲಿಲ್ಲ. ಭಾವನ ಕತೆಯನ್ನು ಅವಳು ನಂಬುವುದಿಲ್ಲ. ನಾನು ತವರಿಗೆ ಹೋದಾಗಲೆಲ್ಲ ಅತ್ತಿಗೆ ಮೀನು ಪೇಟೆಗೆ ಹೋಗುವವರೆಗೆ ಅಮ್ಮ ಕಾಯುತ್ತಾಳೆ. ಆಮೇಲೆ ನನ್ನ ಹತ್ತಿರ ಬಂದು ಕೂತು, ನೀನು ಸುಳ್ಳು ಹೇಳುವವಳಲ್ಲ, ನೀನು ಹೇಳು ಎನ್ನುತ್ತಾಳೆ. ನಾನು ಹೇಳುತ್ತೇನೆ. ನಡುವಿಗೆ ಎರಡು, ಅಂಚಿಗೆ ಒಂದು. ಅವಳು ಕಣ್ಣು ಮುಚ್ಚಿ ಕೇಳುತ್ತಾಳೆ. ಕೇಳಿ ಮುಗಿದ ಮೇಲೆ ಪ್ರತಿ ಸಲವೂ ಅದೇ ಪ್ರಶ್ನೆ.

"ನನ್ನ ಬಗ್ಗೆ ಎಂತ ಕೇಳ್ಲಿಲ್ವಾ ಅಂವ?"

ಅಲ್ಲಿ ನನ್ನ ಮೈ ಉರಿದುಹೋಗುತ್ತದೆ. ಅದು ಬರೀ ತಟ್ಟೆಯ ಸದ್ದು ಅಮ್ಮಾ, ಅದು ಏನು ಕೇಳೀತು ಎಂದು ರೇಗುತ್ತೇನೆ, ಎದ್ದು ಅಂಗಳಕ್ಕೆ ಬರುತ್ತೇನೆ. ಅವಳ ಮೇಲೆ ಅಲ್ಲ ಆ ಸಿಟ್ಟು. ಭಾವನ ಮೇಲೂ ಅಲ್ಲ, ಆ ಮನುಷ್ಯನ ಯೋಗ್ಯತೆ ಅಷ್ಟೇ. ಕಡಲು ಬಿಟ್ಟು ಅಷ್ಟು ದೂರ ಗುಡ್ಡ ಹತ್ತಿ ಬರಲು ಆಗುತ್ತಿತ್ತೆಂದರೆ, ದಡದಿಂದ ಈ ಅಂಗಳಕ್ಕೆ ಬರಲು ಅಣ್ಣನಿಗೆ ಏನಾಗಿತ್ತು? ಹೆಂಡತಿಗೆ ದಾರಿ ತೋರಿಸಿದವನು ತಾಯಿಗೆ ಒಂದು ಸಲ ತಟ್ಟೆ ಬಡಿಯಬಾರದಿತ್ತೇ? ಹೀಗೆ ಅವನನ್ನು ಮನಸ್ಸಿನಲ್ಲೇ ಬೈಯುತ್ತ ನಿಂತಿರುತ್ತೇನೆ. ಸತ್ತವರು ಬರುತ್ತಾರೆ ಎನ್ನುವುದನ್ನು ನಾನು ಇಂದಿಗೂ ನಂಬುವುದಿಲ್ಲ. ಆದರೂ ಬರಲಿಲ್ಲವೆಂದು ಬೈಯುತ್ತಿದ್ದೇನೆ.